ಅಜ್ಜ ಬೇಡವೆನ್ನದ ಆಸ್ಪರಾಗಸ್

ರಕ್ತದ ಕ್ಯಾನ್ಸರ್ ಆಗಿರಬಹುದಿತ್ತು. ಕ್ಯಾನ್ಸರ್ ಅಲ್ಲದಿದ್ದರೆ ಕ್ಷಯ, ಕ್ಷಯವೂ ಅಲ್ಲದಿದ್ದರೆ ಹಳೆಯ ಕಾಮಣಿ, ಅಂದರೆ ಕಾಮಾಲೆ, ಹೊಟ್ಟೆಯೊಳಗೆ ಎಲ್ಲಿಯೋ ಅವಿತು ಕುಳಿತಿರಬಹುದಿತ್ತು. ಹುಬ್ಬಳ್ಳಿಗೆ ಹೋಗುವ ಬಸ್ಸು ಬೆಣ್ಣಿಹಳ್ಳದ ನಡುವೆ ಕೆಟ್ಟು ನಿಂತು, ಮೇಲಿನಿಂದ ನೀರು ನುಗ್ಗಿ ಬರಬಹುದಿತ್ತು. ಅದು ಚಳಿಗಾಲ, ಹಳ್ಳದಲ್ಲಿ ಎಮ್ಮೆಯ ಮೊಳಕಾಲು ನೆನೆಯುವಷ್ಟೂ ನೀರಿರಲಿಲ್ಲ, ಆದರೂ. ಎದೆಯ ಎಲುಬಿಗೆ ಚುಚ್ಚುವ ಸೂಜಿ ಒಂದು ಕೂದಲೆಳೆ ಹೆಚ್ಚು ಇಳಿದು ಹೃದಯಕ್ಕೆ ತಾಗಬಹುದಿತ್ತು. ಮುರಿದು ಒಳಗೇ ಉಳಿಯಬಹುದಿತ್ತು. ನನ್ನ ರಕ್ತದ ಬಾಟಲಿ ಇನ್ನೊಬ್ಬನ ಬಾಟಲಿಯ ಜೊತೆ ಅದಲುಬದಲಾಗಿ, ಅವನ ರೋಗಕ್ಕೆ ನಾನು ಸಾಯಬಹುದಿತ್ತು. ನಾನು ಸತ್ತ ಮೇಲೆ ಹತ್ತಿ ಜಿನ್ನಿನ ಮಾಲೀಕರು ನನ್ನ ಕುರ್ಚಿಯಲ್ಲಿ ಬೇರೊಬ್ಬನನ್ನು ಕೂಡಿಸಬಹುದಿತ್ತು, ಅವನು ನನಗಿಂತ ಚೆನ್ನಾಗಿ ಕೆಲಸ ಮಾಡಬಹುದಿತ್ತು. ಈ ಕೊನೆಯದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಿದ್ದೆ ಕೆಡಿಸಿದ್ದು ಮಾತ್ರ ಅದೇ.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ, ಬಹಳ ಸಣ್ಣದು. ಅದಕ್ಕೆ ಆಮೇಲೆ ಬರುತ್ತೇನೆ. ಯಾವುದೋ ದವಾಖಾನೆಯ ಬೆಂಚಿನ ಮೇಲೆ ಕುಳಿತು, ಒಳಗಿನಿಂದ ತಮ್ಮ ಹೆಸರು ಕೂಗುವುದನ್ನು ಕಾಯುತ್ತಿರುವವರು ಇದನ್ನು ಓದುತ್ತಿದ್ದರೆ, ಅವರಿಗೆ ಮೊದಲೇ ಒಂದು ಮಾತು: ಆ ಬೆಂಚಿನ ಮೇಲೆ ನಾನೂ ಕುಳಿತಿದ್ದೆ. ನಿಮಗಿಂತ ಹೆಚ್ಚು ನಡುಗಿದ್ದೆ.

ನಾನು ನವಲಗುಂದದ ಒಂದು ಹತ್ತಿ ಜಿನ್ನಿನಲ್ಲಿ ಗುಮಾಸ್ತ. ರೈತರು ಚಕ್ಕಡಿಯಲ್ಲಿ ತರುವ ಹತ್ತಿಯನ್ನು ಬರೆದುಕೊಳ್ಳುವುದು, ಬೀಜ ಬೇರೆಯಾಗಿ ಅರಳೆ ಹೊರಬಿದ್ದ ಮೇಲೆ ಅದನ್ನೂ ಬರೆದುಕೊಳ್ಳುವುದು ನನ್ನ ಕೆಲಸ. ಎಪ್ಪತ್ತರ ದಶಕದ ನಡುವಿನ ಒಂದು ದೀಪಾವಳಿಯ ಹೊತ್ತಿಗೆ ನನ್ನ ನಾಲಿಗೆ ಉರಿಯತೊಡಗಿತು. ಕನ್ನಡಿಯಲ್ಲಿ ನೋಡಿಕೊಂಡರೆ ತಿಕ್ಕಿ ಬೆಳಗಿದ ತಾಮ್ರದ ಹಾಗೆ ಕೆಂಪಗೆ, ನುಣ್ಣಗೆ ಇತ್ತು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಆಮೇಲೆ ಜಿನ್ನಿನ ಸದ್ದು ಅಮಾವಾಸ್ಯೆಯ ರಜೆಯ ದಿನವೂ ಕಿವಿಯಲ್ಲಿ ಕೇಳತೊಡಗಿತು.

ಒಂದು ದಿನ ಹಮಾಲನೊಬ್ಬ, "ಗುಮಾಸ್ತರ, ಮಾರಿಗೆ ಹತ್ತಿ ಹತ್ತೇತಿ ನೋಡ್ರಿ, ಒರಸ್ಕೋರಿ" ಎಂದ.

ಒರೆಸಿಕೊಂಡೆ. ಅವನು ಮತ್ತೆ ನೋಡಿದ. ಮತ್ತೆ ಒರೆಸಿಕೊಂಡೆ. ಅವನು ತಲೆ ತಗ್ಗಿಸಿ ಮೂಟೆ ಎತ್ತಿಕೊಂಡು ಹೋದ. ಅದು ಹತ್ತಿಯಾಗಿರಲಿಲ್ಲ, ನನ್ನ ಮುಖದ ಬಣ್ಣವೇ ಹಾಗಾಗಿತ್ತು.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಇದಕ್ಕೆ ಎರಡು ವರ್ಷ ಮೊದಲು ನನಗೆ ಕಾಮಣಿ ಆಗಿತ್ತು. ತಿರ್ಲಾಪುರದಲ್ಲಿ ಕಾಮಣಿಗೆ ಗಿಡಮೂಲಿಕೆ ಕೊಡುವ ಒಬ್ಬ ಅಜ್ಜ ಇದ್ದರು. ಔಷಧ ಕೊಟ್ಟು, ಬೆರಳು ಮಡಿಚುತ್ತ ಪಥ್ಯ ಹೇಳಿದರು. "ಎಣ್ಣಿ ಬ್ಯಾಡ. ಖಾರ ಬ್ಯಾಡ. ಬ್ಯಾಳಿ ಬ್ಯಾಡ. ತಪ್ಪಲ ಪಲ್ಲೆ ಬ್ಯಾಡ. ಹಸೀದಂತೂ ಯಾವುದೂ ಬ್ಯಾಡ. ಮೆತ್ತಗಿನ ಅನ್ನ, ಮಜ್ಜಿಗಿ. ಹಳದಿ ಇಳದ ಮ್ಯಾಲ ಬಾ. ನಾ ಬಿಡು ಅನ್ನೂತನಕಾ ಬಿಡಬ್ಯಾಡ."

ಹಳದಿ ಇಳಿಯಿತು. ಸುಗ್ಗಿಯ ಗಡಿಬಿಡಿ, ಇಂದು ನಾಳೆ ಎನ್ನುವಷ್ಟರಲ್ಲಿ ಅಜ್ಜ ತೀರಿಕೊಂಡ ಸುದ್ದಿ ಬಂತು. ನಮ್ಮ ಕಡೆ ಪಥ್ಯವನ್ನು ಯಾರು ಕಟ್ಟುತ್ತಾರೋ ಅವರೇ ಬಿಡಿಸಬೇಕು. ಇಲ್ಲದಿದ್ದರೆ ಔಷಧ ತಿರುಗಿ ಬೀಳುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಎಲ್ಲರೂ ನಂಬುತ್ತಾರೆ, ಸ್ವಲ್ಪ ದಿನ ನೋಡಿ ಸದ್ದಿಲ್ಲದೆ ಒಂದು ಮಿರ್ಚಿ ತಿಂದೂ ಬಿಡುತ್ತಾರೆ. ನಾನು ತಿನ್ನಲಿಲ್ಲ.

"ಸತ್ತವರು ಎದ್ದು ಬಂದು ಬಿಡು ಅಂತಾರೇನ್ರೀ?" ಎಂದು ನನ್ನ ಹೆಂಡತಿ ಶಾಂತವ್ವ ಕೇಳಿದಳು.

"ಅನ್ನಂಗಿಲ್ಲ. ಅದಕ್ಕ ಬಿಡಾಕ ಬರಂಗಿಲ್ಲ" ಎಂದೆ.

ಮನೆಯವರೆಲ್ಲ ರೊಟ್ಟಿ, ಪುಂಡಿಪಲ್ಲೆ, ಹಸಿ ಮೆಂತ್ಯ ತಿನ್ನುವಾಗ ನಾನು ಮೂಲೆಯಲ್ಲಿ ಮಜ್ಜಿಗೆ ಅನ್ನ ಕಲಸುತ್ತಿದ್ದೆ. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಎರಡು ವರ್ಷ. ಕಾಮಣಿ ತಿರುಗಿ ಬರಲಿಲ್ಲವಾದ್ದರಿಂದ ಪಥ್ಯ ಕೆಲಸ ಮಾಡುತ್ತಿದೆ ಎಂದೇ ತಿಳಿದಿದ್ದೆ.

ಊರಿನ ಡಾಕ್ಟರು ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿ, ಹೆಚ್ಚು ಮಾತಾಡದೆ ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಡಾಕ್ಟರು ಹೆಚ್ಚು ಮಾತಾಡದಿದ್ದರೆ ನನ್ನಂಥವರಿಗೆ ಉಳಿದದ್ದೆಲ್ಲ ತಾನಾಗಿಯೇ ಕೇಳಿಸುತ್ತದೆ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಗಂಡಸರಿಗೊಂದು ಬೆಂಚು, ಹೆಂಗಸರಿಗೊಂದು ಬೆಂಚು. ಶಾಂತವ್ವನಿಗೆ ಅಲ್ಲಿಯೂ ಜಾಗ ಸಿಗದೆ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ನನ್ನೆದುರು ಸಂಶಿಯಿಂದ ಬಂದ ಒಬ್ಬ ಮುದುಕಿ. ಗಂಡನನ್ನು ಒಳಗೆ ಮಲಗಿಸಿದ್ದರಂತೆ. ಆಕೆ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಹಿಡಿ ಹಕ್ಕರಕಿ ತೆಗೆದಳು. ಹಕ್ಕರಕಿ ಎಂದರೆ ಹೊಲದಲ್ಲಿ ತಾನೇ ಹುಟ್ಟುವ, ನಾವು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಸೊಪ್ಪು, ನಮ್ಮ ಮಾತಿನಲ್ಲಿ ತಪ್ಪಲ. ನನ್ನ ಮುಖ ನೋಡಿದವಳೇ ಅರ್ಧ ರೊಟ್ಟಿ ಮುರಿದು ಮುಂದೆ ಹಿಡಿದಳು.

"ತಿನ್ನೋ ಯಪ್ಪಾ. ಮಾರ್ಯಾಗ ರಗತನ ಇಲ್ಲಲ್ಲೋ."

"ಒಲ್ಲೆನ್ರಿ ಅಜ್ಜಿ. ಪಥ್ಯಾ ಐತಿ."

"ಏನ್ ಜಡ್ಡು?"

"ಅದನ್ನ ಕೇಳಾಕ ಬಂದೇನ್ರಿ."

"ಜಡ್ಡ ಯಾವುದಂತ ಗೊತ್ತಿಲ್ಲ, ಪಥ್ಯಾ ಮೊದಲ ಹಿಡದೀ!" ಎಂದು ಆಕೆ ತಾನೇ ತಿನ್ನತೊಡಗಿದಳು. ಆ ಮಾತನ್ನು ನಾನು ಅಂದು ಒಂದು ಗಳಿಗೆ ನಿಂತು ಯೋಚಿಸಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಕಣ್ಣು ಗೋಡೆಯ ಮೇಲಿತ್ತು.

ಗೋಡೆಯ ಮೇಲೆ ಔಷಧದ ಕಂಪನಿಯವರು ಕೊಟ್ಟ ದೊಡ್ಡ ಬಣ್ಣದ ತಕ್ತೆ ತೂಗುತ್ತಿತ್ತು. ರಕ್ತ ಹೆಚ್ಚಿಸುವ ಆಹಾರಗಳು, ಇಂಗ್ಲಿಷಿನಲ್ಲಿ. ಎಡಕ್ಕೆ ಚಿತ್ರ ಮತ್ತು ಹೆಸರು, ಬಲಕ್ಕೆ ನೀರು, ನಾರು, ಪ್ರೋಟೀನು, ಕಬ್ಬಿಣ, ಫೋಲಿಕ್ ಆಸಿಡ್ ಎಂದು ಕಾಲಮ್ಮುಗಳು. ಯಾವುದು ಹೆಚ್ಚಿದೆಯೋ ಅಲ್ಲಿ ಹೆಚ್ಚು ಕರಿ ಚುಕ್ಕೆ. ಕಾಲಮ್ಮು ಕಂಡರೆ ಗುಮಾಸ್ತನಿಗೆ ಧೈರ್ಯ ಬರುತ್ತದೆ. ಎಲ್ಲಕ್ಕಿಂತ ಮೇಲೆ ಹಸಿರು ಕಡ್ಡಿಗಳ ಒಂದು ಕಟ್ಟು, ತುದಿಯಲ್ಲಿ ಮೊಗ್ಗಿನಂಥ ಚೂಪು. ಹೆಸರು ಆಸ್ಪರಾಗಸ್. ಫೋಲಿಕ್ ಆಸಿಡ್ಡಿನ ಕಾಲಮ್ಮಿನಲ್ಲಿ ಅದರೆದುರು ಚುಕ್ಕೆಗಳ ಸಾಲೇ ಇತ್ತು. ಎಲ್ಲಕ್ಕಿಂತ ಮೊದಲು ಬರೆದಿದ್ದಾರೆಂದರೆ ಎಲ್ಲಕ್ಕಿಂತ ಶ್ರೇಷ್ಠವೇ ಇರಬೇಕು. ಕೆಳಗೆ ಎಲ್ಲಿಯೋ ಕುರಿಯ ಯಕೃತ್ತಿನ ಚಿತ್ರವೂ ಇತ್ತು. ನಾವು ಲಿಂಗ ಕಟ್ಟಿದವರು, ಅದರಿಂದ ಕಣ್ಣು ತೆಗೆದು ಮತ್ತೆ ಕಡ್ಡಿಗಳನ್ನೇ ನೋಡಿದೆ.

ಒಳಗೆ ಹುಬ್ಬಳ್ಳಿಯ ಡಾಕ್ಟರು ಬೆರಳು ಚುಚ್ಚಿ, ಗಾಜಿನ ಪಟ್ಟಿಗೆ ರಕ್ತ ಸವರಿ, ಬಹಳ ಹೊತ್ತು ನೋಡಿದರು. "ರಕ್ತ ಭಾಳ ಕಡಿಮಿ ಅದ. ಇದ್ದ ಕಣಗಳೂ ಬ್ಯಾಡಾಗಿದ್ದಷ್ಟು ದೊಡ್ಡವಾಗ್ಯಾವ. ಊಟ ಹೆಂಗದ?"

"ಮನೀ ಊಟಾನ ರೀ. ಹೊರಗ ಒಂದ ತುತ್ತೂ ತಿನ್ನಂಗಿಲ್ಲ" ಎಂದೆ, ಅಭಿಮಾನದಿಂದ.

"ಎದಿ ಎಲುಬಿನೊಳಗಿನ ಮಜ್ಜಿ ಒಂದಿಷ್ಟು ತಗದು ನೋಡೋಣ. ಬ್ಯಾರೆ ಏನೂ ಇಲ್ಲಂತ ಖಾತ್ರಿ ಆಗಲಿ."

ಆ "ಬ್ಯಾರೆ ಏನೂ" ಎಂಬುದರ ಹೆಸರು ನನಗೆ ಗೊತ್ತಿತ್ತು.

ಸ್ಪಿರಿಟ್ ಒಲೆಯ ಮೇಲೆ ಸೂಜಿಗಳು ಕುದಿಯುತ್ತಿದ್ದವು. ಮೇಜಿನ ಮೇಲೆ ಮಲಗಿಸಿದಾಗ ಅವುಗಳನ್ನು ಎಣಿಸತೊಡಗಿದೆ. ನರ್ಸಬಾಯಿ ಬಂದು ಕೈ ಹಿಡಿದುಕೊಂಡಳು. "ಜಿನ್ನಿನ್ಯಾಗ ಅದೀರಂತಲ್ರಿ. ನಮ್ಮಪ್ಪ ಪ್ರತಿ ವರ್ಷಾ ಜಯಧರ ಹತ್ತಿನ ಬಿತ್ತತಾನ. ಲಕ್ಷ್ಮೀ ಬಿತ್ತಿದ್ರ ಛಲೋ ಏನ್ರಿ?"

ಇಂಥ ಪ್ರಶ್ನೆಗೆ ನಾನು ಸುಮ್ಮನಿರಲಾರೆ. "ಹೊಲ ಯಾವುದು? ಎರಿಯೋ, ಮಸಾರಿಯೋ?" ಎಂದೆ. ಎರಿ, ಅಂದರೆ ಕಪ್ಪು ನೆಲ, ಎಂದಳು. ಮಳೆಯ ನೆಲಕ್ಕೆ ಜಯಧರವೇ ವಾಸಿ, ಎಳೆ ಗಿಡ್ಡವಾದರೂ ಕೈ ಬಿಡುವುದಿಲ್ಲ ಎಂದು ನಾನು ವಿವರಿಸುತ್ತಿರುವಾಗ ಎದೆಯ ಮೇಲೆ ಯಾರೋ ಮೊಣಕಾಲೂರಿದಂತಾಯಿತು, ಒಳಗಿನಿಂದ ಏನನ್ನೋ ಹೀರಿದಂತಾಯಿತು. "ಹಾ!" ಎಂದೆ. "ಮುಗೀತ್ರಿ" ಎಂದಳು. ಆಕೆಯ ಅಪ್ಪನಿಗೆ ಲಕ್ಷ್ಮಿಯ ವಿಚಾರ ಪೂರ್ತಿ ಹೇಳಲಾಗಲಿಲ್ಲವಲ್ಲ ಎಂದು ಬಸ್ಸಿನಲ್ಲಿ ನೆನಪಾಯಿತು. ಆಕೆಗೆ ಅಪ್ಪನಾಗಲಿ ಹೊಲವಾಗಲಿ ಇತ್ತೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ.

ಫಲಿತಾಂಶ ಮುಂದಿನ ವಾರ. ಆ ವಾರ ನಮ್ಮ ಮನೆಯಲ್ಲಿ ಎಲ್ಲರೂ ನನ್ನೊಡನೆ ಮೆಲ್ಲಗೆ ಮಾತಾಡುತ್ತಿದ್ದರು. ಮಗಳು ಕೇಳದೆಯೇ ನೀರು ತಂದುಕೊಡುತ್ತಿದ್ದಳು. ಶಾಂತವ್ವ ಒಂದು ಸಲವೂ ಬೈಯಲಿಲ್ಲ. ಹೆಂಡತಿ ಬೈಯುವುದನ್ನು ಬಿಟ್ಟ ಮನೆಯಲ್ಲಿ ಕೂಡುವುದು ದವಾಖಾನೆಯಲ್ಲಿ ಕೂಡುವುದಕ್ಕಿಂತ ಕಷ್ಟ. ಕೊನೆಗೆ ನಾನೇ ಆಸ್ಪರಾಗಸ್ ವಿಷಯ ತೆಗೆದೆ. ಅದು ಎಲ್ಲಿ ಸಿಕ್ಕೀತು?

ಶಾಂತವ್ವನ ತಮ್ಮ ಚನ್ನಬಸು ಹುಬ್ಬಳ್ಳಿಯಲ್ಲಿ ರೇಲ್ವೆ ಕೆಲಸದಲ್ಲಿದ್ದ. ಹೇಳಿ ಕಳಿಸಿದ ಮೂರನೆಯ ದಿನಕ್ಕೆ ಒಂದು ಡಬ್ಬಿ ಹಿಡಿದು ಬಂದ. ಸಾಹೇಬರ ಕ್ಲಬ್ಬಿಗೆ ಸಾಮಾನು ಕೊಡುವ ಅಂಗಡಿಯ ಮೇಲಿನ ಕಪಾಟಿನಲ್ಲಿ ಧೂಳು ತಿನ್ನುತ್ತ ಕುಳಿತಿತ್ತಂತೆ.

"ಮಾವಾರ, ಅಂಗಡ್ಯಾಂವ ಯಾರಿಗೆ ಪಾರ್ಟಿ ಅಂತ ಕೇಳಿದ. ಪಾರ್ಟಿ ಅಲ್ಲೋ, ಮಾವಾರ ಜೀವದ ಪ್ರಶ್ನೆ ಅಂದೆ."

"ಮತ್ತ ನಿಮ್ಮ ಪಥ್ಯಾ?" ಎಂದಳು ಶಾಂತವ್ವ.

ಅದನ್ನು ನಾನು ಮೊದಲೇ ಕೂಲಂಕಷವಾಗಿ ವಿಚಾರ ಮಾಡಿದ್ದೆ. "ಅಜ್ಜಾರು ಎಣ್ಣಿ ಅಂದ್ರು, ಇದು ಎಣ್ಣಿ ಅಲ್ಲ. ಬ್ಯಾಳಿ ಅಂದ್ರು, ಬ್ಯಾಳಿ ಅಲ್ಲ. ತಪ್ಪಲ ಅಂದ್ರು, ಇದು ಕಡ್ಡಿ. ಹಸೀದು ಅಂದ್ರು, ಇದು ಡಬ್ಬ್ಯಾಗ ಬೆಂದು ಬಂದದ್ದು. ಆಸ್ಪರಾಗಸ್ ಬ್ಯಾಡ ಅಂತ ಅವರು ಅಂದಿಲ್ಲ."

ಡಬ್ಬಿ ತೆರೆಯಲು ನಮ್ಮಲ್ಲಿ ಸಾಧನವಿರಲಿಲ್ಲ. ಚನ್ನಬಸು ಉಳಿ, ಸುತ್ತಿಗೆ ತಂದ. ಒಳಗೆ ಉಪ್ಪುನೀರಿನಲ್ಲಿ ಮೈಗೆ ಮೈ ಹಚ್ಚಿ ಮಲಗಿದ್ದ ಬಿಳಿಚಿದ ಕಡ್ಡಿಗಳು. ತಕ್ತೆಯ ಚಿತ್ರದಲ್ಲಿ ಪೈಲವಾನರ ಹಾಗೆ ಇದ್ದವು. ಇವು ನನ್ನ ಹಾಗೆಯೇ ರಕ್ತ ಇಲ್ಲದವು. ಮಗಳು ಮೂಗು ಮುಚ್ಚಿಕೊಂಡಳು.

"ಏನ್ರೀ ಇವು, ಇಲೀ ಬಾಲ ಇದ್ದಂಗ ಅದಾವು!" ಎಂದು ಶಾಂತವ್ವ ನಕ್ಕುಬಿಟ್ಟಳು. ಆ ವಾರದಲ್ಲಿ ಅದೇ ಮೊದಲ ನಗು. ಆಕೆ ನೀರನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಚೆಲ್ಲಿ, ಕಡ್ಡಿಗಳನ್ನು ಬಟ್ಟಲಿಗೆ ಹಾಕಿ ಕೊಟ್ಟಳು. ಎಲ್ಲರೂ ಸುತ್ತ ಕುಳಿತು ನೋಡುತ್ತಿದ್ದರು. ಹುಲ್ಲನ್ನು ಕುದಿಸಿ, ಮರೆತು, ಮತ್ತೆ ಕುದಿಸಿದಂಥ ರುಚಿ. ಒಂದನ್ನೂ ಬಿಡದೆ ತಿಂದೆ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದವನು ಹೌಹಾರಿ ಬಂದೆ. ಬರೆಯಲು ಸಂಕೋಚ, ಆದರೆ ರೋಗದ ಕಥೆ ಬರೆಯುವವನು ಇದನ್ನು ಬಿಟ್ಟರೆ ಇನ್ನೇನನ್ನು ಬರೆಯಬೇಕು? ಮೂತ್ರಕ್ಕೆ ಎಂದೂ ಇಲ್ಲದ ಒಂದು ಘಾಟು. ಕೊಳೆತ ಕೋಸಿನ ಹಾಗೆ, ಸುಟ್ಟ ಗಂಧಕದ ಹಾಗೆ. ರಕ್ತ ಹೋಗಿತ್ತು, ಈಗ ಮೂತ್ರಪಿಂಡವೂ ಹೋಯಿತು ಎಂದುಕೊಂಡೆ. ಮಗಳ ಮುಂದೆ ಏನೂ ಆಡದೆ, ಶಾಂತವ್ವನನ್ನು ಒಳಗೆ ಕರೆದು, ಜಿನ್ನಿನಿಂದ ನನಗೆ ಬರಬೇಕಾದ ಹಣವನ್ನೆಲ್ಲ ಯಾರ ಹತ್ತಿರ ಕೇಳಬೇಕು ಎಂದು ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಇಷ್ಟ ಹೇಳೂದೈತಿ ಅಂದ್ರ ಬಸ್ಸ ತಪ್ಪತೈತಿ. ಏಳ್ರಿ, ಹುಬ್ಬಳ್ಳಿಗೆ ಹೋಗೂಣು. ಈ ಸಲ ನಾನೂ ಒಳಗ ಬರತೇನಿ."

ಅಂದೇ ಫಲಿತಾಂಶದ ದಿನ. ಡಾಕ್ಟರು ಕಾಗದ ನೋಡಿದರು, ನನ್ನನ್ನು ನೋಡಿದರು. ಆ ನಡುವಿನ ಹೊತ್ತು ಎಷ್ಟಿತ್ತೆಂದು ಹೇಳಲಾರೆ; ಶಾಂತವ್ವ ನನ್ನ ಧೋತರದ ಚುಂಗನ್ನು ಹಿಡಿದದ್ದು ಮಾತ್ರ ನೆನಪಿದೆ.

"ಕ್ಯಾನ್ಸರ್ ಇಲ್ಲ" ಎಂದರು. "ನೀವು ಜಿನ್ನಿನವರಲ್ಲಾ? ನಿಮ್ಮ ಎಲುಬಿನೊಳಗೂ ಒಂದು ಜಿನ್ನು ಅದ. ಮಷೀನು ಛಲೋ ಅದ, ಆಳುಗಳು ಬಂದು ನಿಂತಾರ. ಹತ್ತೀನ ಬಂದಿಲ್ಲ. ರಕ್ತ ಮಾಡಾಕ ಮಾಲಿಲ್ಲ. ಖರೇ ಹೇಳ್ರಿ, ಏನ ಉಣ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಶಾಂತವ್ವ ಶುರು ಮಾಡಿದಳು. ಒಂದು ವಾರ ಕಟ್ಟಿಟ್ಟಿದ್ದ ಬೈಗಳೆಲ್ಲ ಒಮ್ಮೆಲೆ ಬಂದವು. "ಏನ ಉಣ್ತಾರ ಅಂತ ನನ್ನ ಕೇಳ್ರಿ ಸಾಹೇಬ್ರ! ಎರಡ ವರ್ಷಾತ್ರಿ, ಮಜ್ಜಿಗಿ ಅನ್ನಾ, ಮಜ್ಜಿಗಿ ಅನ್ನಾ. ಪಲ್ಲೆ ಒಲ್ಲೆ, ಬ್ಯಾಳಿ ಒಲ್ಲೆ. ಹಸೀ ಮೆಂತೆ ಕಂಡ್ರ ಹಾವ ಕಂಡಂಗ ಮಾಡ್ತಾರ. ಸತ್ತ ಅಜ್ಜ ಬಂದು ಬಿಡು ಅನ್ನಬೇಕಂತ! ಮತ್ತ ಈಗ ಡಬ್ಬ್ಯಾಗಿನ ಇಲೀ ಬಾಲ ತರಸ್ಕೊಂಡು ತಿಂದಾರ!"

"ಇಲೀ ಬಾಲ?"

ಆಸ್ಪರಾಗಸ್ಸಿನ ಕಥೆ ಹೇಳಬೇಕಾಯಿತು. ಮೂತ್ರದ ಕಥೆಯನ್ನೂ ತಲೆ ತಗ್ಗಿಸಿ ಹೇಳಿದೆ. ಡಾಕ್ಟರು ಮೊದಲು ನಗಲಿಲ್ಲ. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಆಸ್ಪರಾಗಸ್ ತಿಂದ ಭಾಳ ಮಂದಿಗೆ ಹಂಗ ವಾಸನಿ ಬರ್ತದ. ನಿಮ್ಮ ಮೂತ್ರಪಿಂಡ ನನ್ನವಕ್ಕಿಂತ ಛಲೋ ಅದಾವ. ಅದರಾಗ ಹೆಚ್ಚಿಂದು ನೀರು, ಒಂದಿಷ್ಟು ನಾರು, ಒಂಚೂರು ಕಬ್ಬಿಣ. ಫೋಲಿಕ್ ಆಸಿಡ್ ಖರೇನ ಛಲೋ ಅದ. ಆದರ ಡಬ್ಬ್ಯಾಗ ಬೇಯಿಸಿದ್ದಕ್ಕ ಸತ್ವ ನೀರಿನ್ಯಾಗ ಇಳದಿರ್ತದ. ಆ ನೀರ ಏನ ಮಾಡಿದ್ರಿ?"

"ಕರಿಬೇವಿಗೆ ಹಾಕಿದ್ನಿರಿ" ಎಂದಳು ಶಾಂತವ್ವ.

"ಹಂಗಾರ ಕರಿಬೇವಿನ ಬಗ್ಗೆ ಕಾಳಜಿ ಬ್ಯಾಡ." ಮತ್ತೆ ನನ್ನ ಕಡೆ ತಿರುಗಿದರು. "ತಕ್ತೆದಾಗ ಮೊದಲ ಬರದದ್ದು ಎಬಿಸಿಡಿ ಅಕ್ಷರದ ಸಾಲಿಗೆ, ಗುಮಾಸ್ತರ. ಮೊದಲನೇ ಔಷಧ ಅಂತಲ್ಲ. ಅದರಾಗಿದ್ದದ್ದು ಮೆಂತೆದಾಗ ಅದ, ರಾಜಗಿರಿಯೊಳಗ ಅದ, ನಿಮ್ಮ ಎಲ್ಲಾ ತಪ್ಪಲದಾಗ ಅದ."

ಜೀವನವಿಡೀ ರೈತರ ಹೆಸರುಗಳನ್ನು ಅಕ್ಷರದ ಸಾಲಿನಲ್ಲಿ ಬರೆದವನು ನಾನು. ಹೆಸರು ಮೊದಲಿದ್ದವನ ಹತ್ತಿಯೇ ಶ್ರೇಷ್ಠ ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ.

ಗುಳಿಗೆ ಬರೆದುಕೊಟ್ಟರು. "ಇದು ಈಗಿನ ಕೊರತಿ ತುಂಬತದ. ಗುಳಿಗಿ ಮುಗಿದ ಮ್ಯಾಲ? ಪಥ್ಯಾ ಬಿಡಬೇಕು. ಬಿಡದಿದ್ರ ಮತ್ತ ಇದ ಖುರ್ಚಿಗೆ ಬರ್ತೀರಿ, ಪ್ರತಿ ಸಲಾ ಬರಾಕ ಜೀವ ಇರಬೇಕಲ್ಲ?"

"ಔಷಧ ಕೊಟ್ಟವರ ಬಾಯಿಂದ ಬರಬೇಕ್ರಿ" ಎಂದೆ. ನನಗೇ ನಾಚಿಕೆಯಾಯಿತು, ಆದರೂ ಎಂದೆ. ಹೆದರಿಕೆಗೆ ನಾಚಿಕೆ ಇರುವುದಿಲ್ಲ.

ಇದಕ್ಕೆ ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು, "ಆ ಅಜ್ಜನ ಮನಿಯೊಳಗ ಈಗ ಯಾರದಾರ?"

ಹೊರಗೆ ಸಂಶಿಯ ಮುದುಕಿ ಅದೇ ಬೆಂಚಿನ ಮೇಲಿದ್ದಳು. "ಏನಂದ್ರೋ ಯಪ್ಪಾ?"

"ಏನಿಲ್ಲಂತ್ರಿ ಅಜ್ಜಿ."

"ಸಾಯಂಗಿಲ್ಲ?"

"ಸದ್ಯಕ್ಕಿಲ್ಲ."

"ನಮ್ಮಾಂವನೂ ಇಲ್ಲಂತ. ನಿನ್ನೆ ಎದ್ದು ಕುಂತು ಬೈದ" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ಸೋಮವಾರ ತಿರ್ಲಾಪುರಕ್ಕೆ ಹೋದೆವು. ರಸ್ತೆಯ ಎರಡೂ ಬದಿಗೆ ಬಿಳಿಜೋಳ ಮೊಳಕಾಲೆತ್ತರ, ಕಡಲೆ ನೆಲಕ್ಕೆ ಹಾಸಿತ್ತು. ಅಜ್ಜನ ಹೆಂಡತಿ ಪಡಸಾಲೆಯಲ್ಲಿ ಜೋಳ ಕೇರುತ್ತ ಕುಳಿತಿದ್ದಳು. ಶಾಂತವ್ವ ಎಲ್ಲ ಹೇಳಿದಳು. ಮುದುಕಿ ಮೊರ ನಿಲ್ಲಿಸದೆ ಕೇಳಿದಳು. ಎರಡು ವರ್ಷ ಎಂದಾಗ ಮೊರ ನಿಂತಿತು.

"ನವಲಗುಂದದಾಂವ ನೀನ ಏನು? ಜಿನ್ನಿನ್ಯಾಂವ?"

"ಹೌದ್ರಿ."

"ಹಾಸಿಗಿ ಹಿಡದಾಗ ಅವರು ಅಂತಿದ್ರೋ ತಮ್ಮಾ. ಒಬ್ಬಾಂವ ಬರೂದೈತಿ, ಬಂದ್ರ ಎಲ್ಲಾ ಉಣ್ಣು ಅಂತ ಹೇಳು ಅಂತ. ನಾ ದಾರಿ ನೋಡೇ ನೋಡಿದೆ. ನೀ ಬರಲೇ ಇಲ್ಲ."

ಅಜ್ಜ ನಿಜವಾಗಿ ಹಾಗೆ ಹೇಳಿದ್ದರೋ, ನನ್ನ ಮುಖ ನೋಡಿ ಮುದುಕಿ ಆಗಲೇ ಕಟ್ಟಿ ಹೇಳಿದಳೋ, ತಿಳಿಯದು. ಬೇರೆ ದಿನವಾಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಅಂದು ಒಂದನ್ನೂ ಕೇಳಲಿಲ್ಲ.

ಆಕೆ ಎದ್ದು ಒಳಗಿನಿಂದ ರೊಟ್ಟಿ ತಂದು, ಅದರ ಮೇಲೆ ಖಾರ, ಎಣ್ಣೆ, ಬುಟ್ಟಿಯೊಳಗಿನ ಒಂದು ಹಿಡಿ ಹಕ್ಕರಕಿ ಇಟ್ಟು, ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟಳು. ಅಜ್ಜ ಬೆರಳು ಮಡಿಚಿ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಆ ಒಂದು ಸುರುಳಿಯಲ್ಲಿತ್ತು. "ಉಣ್ಣು. ಬಿಡಿಸೇನಿ."

ಸೊಪ್ಪು ಯಾವುದಾದರೂ, ಮನೆ ಯಾವುದಾದರೂ, "ತೊಳದೀರೇನ್ರಿ?" ಎಂದು ಕೇಳದೆ ನಾನು ಕೈ ಹಚ್ಚಿದವನಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಯನ್ನೂ ಕೇಳಿದ್ದೆ. ಅಂದು ಕೇಳಲಿಲ್ಲ. ಕಣ್ಣು ಮುಚ್ಚಿ ಮುಂದಿನ ಹಲ್ಲಿನಿಂದ ಗಟ್ಟಿಯಾಗಿ ಕಚ್ಚಿದೆ. ಹಕ್ಕರಕಿಯ ಸಣ್ಣ ಕಹಿ, ಖಾರದ ಉರಿ, ಆಮೇಲೆ ಕಟ್ ಎಂಬ ಸದ್ದು.

"ಏನಾತೋ ತಮ್ಮಾ?"

ಅಂಗೈಗೆ ಉಗುಳಿದೆ. ಸೊಪ್ಪಿನೊಡನೆ ಬಂದ ಒಂದು ಸಣ್ಣ ಹರಳು, ಅದರ ಪಕ್ಕದಲ್ಲಿ ನನ್ನ ಹಲ್ಲಿನ ಒಂದು ಮೂಲೆ.

"ಅಯ್ಯ, ಈಗರ ಹೊಲದಿಂದ ತಂದಿದ್ನೋ! ಹಸದೀರಿ ಅಂತ ತೊಳೀದ ಕೊಟ್ಟೆ" ಎಂದು ಮುದುಕಿ ಪೇಚಾಡಿದಳು. ಶಾಂತವ್ವ ನನ್ನ ಮುಖ ನೋಡುತ್ತಿದ್ದಳು, ಈಗ ಏನೇನು ರೋಗದ ಹೆಸರು ಹೇಳುತ್ತಾರೋ ಎಂದು. ನಾನು ಹರಳನ್ನು ಅಂಗಳಕ್ಕೆ ಎಸೆದು, ಉಳಿದ ರೊಟ್ಟಿಯನ್ನು ದವಡೆಗೆ ಸರಿಸಿಕೊಂಡು ತಿಂದೆ. ಇನ್ನೊಂದು ಕೇಳಿದೆ.

ಹೋಳಿಯ ಹೊತ್ತಿಗೆ ಮೆಟ್ಟಿಲು ಹತ್ತುತ್ತಿದ್ದೆ, ಹಬ್ಬದ ದಿನ ಕಿವಿಯಲ್ಲಿ ಜಿನ್ನು ಕೇಳಿಸಲಿಲ್ಲ. ನನ್ನ ಕುರ್ಚಿಯಲ್ಲಿ ಈಗಲೂ ನಾನೇ ಇದ್ದೇನೆ. ಚಿಂತೆ ಮಾಡುವುದನ್ನು ಬಿಟ್ಟಿಲ್ಲ. ಅದನ್ನು ಬಿಡಿಸುವವರು ಇನ್ನೂ ಸಿಕ್ಕಿಲ್ಲ. ಆದದ್ದು ಸಣ್ಣದು ಎಂದೆನಲ್ಲ, ಅದು ಈ ಮುರಿದ ಹಲ್ಲು; ಹಾಗೆಯೇ ಉಳಿಯಿತು. ಅದರ ಸಂದಿಯಲ್ಲಿ ಊಟವಾದ ಮೇಲೆ ಪ್ರತಿದಿನ ಏನಾದರೊಂದು ಎಲೆ ಸಿಕ್ಕಿಕೊಂಡಿರುತ್ತದೆ. ಮಧ್ಯಾಹ್ನ ಜಿನ್ನಿಗೆ ಮರಳಿದರೆ ಅದೇ ಹಮಾಲ ಮೂಟೆ ಹೊತ್ತವನೇ ನಿಲ್ಲುತ್ತಾನೆ.

"ಗುಮಾಸ್ತರ, ಹಲ್ಲಿಗೆ ತಪ್ಪಲ ಹತ್ತೇತಿ ನೋಡ್ರಿ, ಒರಸ್ಕೋರಿ."

ಒರೆಸಿಕೊಳ್ಳುತ್ತೇನೆ. ಹೋಗುತ್ತದೆ.